ನನ್ನ ಮುಖವನ್ನು ಹೊಟ್ಟೆಯ ಮೇಲೆ ಹೊತ್ತ ಯಂತ್ರ ಮಹಾಶಯರಿಗೆ

ಇದ್ದಿಲು ಓಣಿ, ಮಕಾವ್
ಚಾಂದ್ರಮಾನ ಹೊಸ ವರ್ಷದ ಹತ್ತನೆಯ ದಿನ

ಮಾನ್ಯರೇ, ಪ್ರವಾಸಿ ರಕ್ಷಕ ಪಿಂಗ್ ಓನ್ ಅವರೇ,

ಹೊಸ ವರ್ಷದ ಶುಭಾಶಯಗಳು. ತಮ್ಮ ಬ್ಯಾಟರಿ ಸದಾ ತುಂಬಿರಲಿ, ಓಣಿಯ ಹಾಸುಗಲ್ಲುಗಳು ತಮ್ಮ ನಾಲ್ಕು ಗಾಲಿಗಳ ಕೆಳಗೆ ಹತ್ತಿಯಾಗಲಿ, ತಮ್ಮ ಎರಡು ನೀಲಿ ಕಣ್ಣುಗಳಿಗೆ ಯಾರ ದೃಷ್ಟಿಯೂ ತಾಗದಿರಲಿ ಎಂದು ಹಾರೈಸಿ, ಇದೇ ಓಣಿಯ ಹನ್ನೊಂದನೆಯ ನಂಬರಿನ ಬಾದಾಮಿ ಬಿಸ್ಕತ್ತಿನ ಅಂಗಡಿಯವಳಾದ ಚ್ಯಾಂಗ್ ಸಾವ್ ಕೆಂಗ್ ಎಂಬ ನಾನು ತಮ್ಮ ಸನ್ನಿಧಿಗೆ ಈ ಅರಿಕೆಯನ್ನು ಸಲ್ಲಿಸುತ್ತಿದ್ದೇನೆ. ತಾವು ನನ್ನನ್ನು ಬಲ್ಲಿರಿ. ಕಳೆದ ಏಳು ದಿನಗಳಿಂದ ತಮ್ಮ ಹೊಟ್ಟೆಯ ಪರದೆಯ ಮೇಲೆ, ಬಾಯಿ ತೆರೆದುಕೊಂಡು, ಬಲಗೈಯಲ್ಲಿ ಇಕ್ಕಳ ಹಿಡಿದು, ಒಬ್ಬ ಪರಪುರುಷನ ಹೆಗಲ ಮೇಲೆ ಎಡಗೈ ಇಟ್ಟು ನಿಂತಿರುವ ಐವತ್ತೆಂಟರ ಹೆಂಗಸು ನಾನೇ. ಚಿತ್ರದ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ 'ಇಂಥವರಿಂದ ಎಚ್ಚರ' ಎಂದು ಬರೆದಿದೆ. ಆ ಚಿತ್ರದ ವಿಷಯವಾಗಿಯೇ ಈ ಪತ್ರ.

ತಾವು ನಮ್ಮ ಓಣಿಗೆ ದಯಮಾಡಿಸಿದ್ದು ಹಳೆಯ ವರ್ಷದ ಕೊನೆಯ ವಾರದಲ್ಲಿ, ಹಬ್ಬದ ಜನ ಬಸ್ಸುಗಟ್ಟಲೆ ಬಂದು ಸುರಿಯುವ ಮುನ್ನ. ಮೂವರು ಅಧಿಕಾರಿಗಳು ಬಂದರು, ತಮಟೆ ಬಡಿಸಿದರು, ತಮಗೆ ಕೆಂಪು ಅಂಗಿ ತೊಡಿಸಿದರು, ಇಡಿಯಾಗಿ ಸುಟ್ಟ ಹಂದಿಯೊಂದನ್ನು ತಮ್ಮ ಮುಂದಿಟ್ಟು ಶಾಸ್ತ್ರೋಕ್ತವಾಗಿ ಕೊಯ್ದರು. ತಮಗೆ ಮಾತಿದ್ದರೂ ಬಾಯಿ ಇಲ್ಲದ ಕಾರಣ ತಮ್ಮ ಪಾಲನ್ನೂ ಕರ್ತವ್ಯವೆಂದು ಭಾವಿಸಿ ಅವರೇ ತಿಂದರು. ತಮಗೆ ವಿದ್ಯುತ್ತು ಕೊಡಲು ಓಣಿಯಲ್ಲಿ ಒಂದು ತೂತೂ ಇಲ್ಲವೆಂಬುದು ಅವರಿಗೆ ಹೊಳೆದದ್ದು ಹಂದಿ ಮುಗಿದ ಮೇಲೆ. ಆಗ ಅವರಲ್ಲಿ ಹಿರಿಯರು ನನ್ನ ಅಂಗಡಿಯೊಳಗೆ ಇಣುಕಿ, "ಅಮ್ಮಾ, ಒಂದು ಪ್ಲಗ್ ಪಾಯಿಂಟ್ ಇದ್ರೆ ಕೊಡಿ, ಸರ್ಕಾರಿ ಕೆಲ್ಸ, ಪುಣ್ಯ ಬರುತ್ತೆ" ಎಂದರು. ಕೊಟ್ಟೆ. ಅಂದಿನಿಂದ ಸಂಜೆ ಏಳಾದರೆ ಸಾಕು, ತಾವು ನನ್ನ ಹಿಟ್ಟಿನ ಮೂಟೆಗಳ ಪಕ್ಕದಲ್ಲಿ ನಿಂತು ನನ್ನ ಮನೆಯ ಕರೆಂಟು ಕುಡಿಯುತ್ತಿದ್ದೀರಿ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತನ್ನು ತಮ್ಮೊಳಗೆ ತುಂಬಿಸಲು ಕಚೇರಿಯವರು ಮರೆತಿರಬೇಕು, ತಮ್ಮ ತಪ್ಪಲ್ಲ.

ಇನ್ನು ತಮ್ಮ ಉಪದೇಶಾಮೃತದ ವಿಚಾರ. ದಿನಕ್ಕೆ ಇನ್ನೂರು ಸಲ, ಮೂರು ಭಾಷೆಗಳಲ್ಲಿ, ತಾವು ವಂಚಕರ ಐದು ಲಕ್ಷಣಗಳನ್ನು ಸಾರುತ್ತೀರಿ: ವಂಚಕನು ಬಿಟ್ಟಿ ಕೊಡುತ್ತಾನೆ, ಅತಿಯಾಗಿ ಹೊಗಳುತ್ತಾನೆ, ಇವತ್ತೇ ತೆಗೆದುಕೊಳ್ಳಿ ಎಂದು ಅವಸರಪಡಿಸುತ್ತಾನೆ, ಕೂಗಿ ಕರೆಯುತ್ತಾನೆ, ಮೈ ಮುಟ್ಟುತ್ತಾನೆ. ಮೊದಲ ಸಲ ಇದನ್ನು ಕೇಳಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಓಣಿಯ ಅಂಗಡಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏಕೆಂದರೆ ಮಾನ್ಯರೇ, ಇದ್ದಿಲು ಓಣಿಯಲ್ಲಿ ವ್ಯಾಪಾರ ಎಂದರೆ ಇದೇ. ನನ್ನ ಅಮ್ಮ ನನಗೆ ಕಲಿಸಿದ್ದೂ ಇದೇ. ತಟ್ಟೆಯ ತುಂಬ ಬಿಸ್ಕತ್ತಿನ ಚೂರು ಹಿಡಿದು ಬಾಗಿಲಲ್ಲಿ ನಿಲ್ಲಬೇಕು, ಎಪ್ಪತ್ತು ವರ್ಷದ ಅಜ್ಜಿ ಬಂದರೂ "ಬಾರೇ ಸುಂದರಿ" ಎನ್ನಬೇಕು, ಬೊಕ್ಕತಲೆಯವರು ಬಂದರೂ "ಏನ್ ರಾಜಕುಮಾರ, ನಮ್ಮ ಕಡೆ ನೋಡೋದೇ ಇಲ್ವಾ" ಎನ್ನಬೇಕು, ಇಕ್ಕಳದಿಂದ ಚೂರನ್ನು ಅವರ ಬಾಯಿಗೇ ಇಡಬೇಕು, ಬಿಸಿಯಾಗಿದೆ ಈಗಲೇ ತಗೊಳ್ಳಿ ಎನ್ನಬೇಕು, ಕೈ ಹಿಡಿದು ಒಳಗೆ ಕರೆಯಬೇಕು. ತಿಂದವರಲ್ಲಿ ಹತ್ತಕ್ಕೆ ಎಂಟು ಜನ ಬಾಯೊರಸಿಕೊಂಡು ಮುಂದೆ ಹೋಗುತ್ತಾರೆ, ಹೋಗಲಿ, ಅವರ ಹೊಟ್ಟೆ ತಣ್ಣಗಿರಲಿ. ಹೀಗೆ ತಮ್ಮ ಐದೂ ಲಕ್ಷಣಗಳಲ್ಲಿ ನೂರಕ್ಕೆ ನೂರು ಅಂಕ ಪಡೆದ ನಾನು, ಆ ವರ್ಷದ ಕೊನೆಯ ವಾರವಿಡೀ ತುಂಬಿದ ತಟ್ಟೆ ಹಿಡಿದು ನಿಂತೇ ಇದ್ದೆ. ತಾಯಂದಿರು ಮಕ್ಕಳ ಕೈ ಹಿಡಿದು ರಸ್ತೆಯ ಆ ಬದಿಗೆ ಎಳೆದುಕೊಂಡು ಹೋಗುತ್ತಿದ್ದರು. "ಬಿಟ್ಟಿ ಕೊಡ್ತಿದಾಳೆ ಕಣೋ, ತಿಂದ್ಗಿಂದೀಯ, ಏನ್ ಹಾಕಿದಾಳೋ!" ಎಂದು ಒಬ್ಬಾಕೆ ಮಗನ ಬಾಯನ್ನೇ ಮುಚ್ಚಿದಳು.

ಇಡೀ ಓಣಿಯಲ್ಲಿ ತಮ್ಮ ಪಟ್ಟಿಗೆ ಬೆದರದವನು ಒಬ್ಬನೇ, ಸಾಮ್ ವಾಯ್. ಅವನಿಗೆ ಅಂಗಡಿ ಇಲ್ಲ. ಕೊರಳಿಗೆ ಒಂದು ನೀಲಿ ಪಟ್ಟಿ, ಅದರ ತುದಿಗೆ ಏನೂ ಬರೆಯದ ಒಂದು ಕಾರ್ಡು, ಇಸ್ತ್ರಿ ಮಾಡಿದ ಬಿಳಿಯಂಗಿ, ಇಷ್ಟೇ ಬಂಡವಾಳ. ತಾವು ಬರುವ ಮುಂಚೆ ಅವನ ಧಂದೆ ಅಷ್ಟೇನೂ ಚೆನ್ನಾಗಿರಲಿಲ್ಲ. ತಾವು ಬಂದ ಮರುದಿನದಿಂದ ಅವನು ತಮ್ಮ ಬಲಗಡೆ, ಎರಡು ಹೆಜ್ಜೆ ಹಿಂದೆ ನಿಲ್ಲತೊಡಗಿದ, ತಮ್ಮ ಶಿಷ್ಯನಂತೆ. ತಾವು ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ಪಾಲಿಸಿದ: ಬಿಟ್ಟಿ ಏನನ್ನೂ ಕೊಡಲಿಲ್ಲ, ಹೊಗಳಲಿಲ್ಲ, ಅವಸರಪಡಿಸಲಿಲ್ಲ, ಕೂಗಲಿಲ್ಲ, ಯಾರ ಮೈಯನ್ನೂ ಮುಟ್ಟಲಿಲ್ಲ. ತಾವು ಮಾತು ಮುಗಿಸಿದೊಡನೆ ಹತ್ತಿರ ನಿಂತವರಿಗೆ ಮೆಲುದನಿಯಲ್ಲಿ, "ಯಂತ್ರ ಹೇಳಿದ್ದು ಕೇಳಿಸ್ಕೊಂಡ್ರಲ್ಲ? ಹಬ್ಬದ ಟೈಮು, ನಕಲಿ ನೋಟು ಜಾಸ್ತಿ ಓಡಾಡ್ತಿದೆ. ನಿಮ್ಮ ನೋಟು ಒಂದ್ಸಲ ಪರೀಕ್ಷೆ ಮಾಡಿಸ್ಕೊಳಿ. ಬಿಟ್ಟಿ ಅಲ್ಲ ಮತ್ತೆ, ಹತ್ತು ಪತಾಕ ದುಡ್ಡಾಗುತ್ತೆ, ರಸೀತಿ ಕೊಡ್ತೀನಿ" ಎನ್ನುತ್ತಿದ್ದ. ಬಿಟ್ಟಿ ಅಲ್ಲ ಎಂದ ಮೇಲೆ ಮೋಸ ಎಲ್ಲಿಂದ ಬಂತು? ಜನ ಸಾಲುಗಟ್ಟಿ ಕೊಟ್ಟರು. ಅವನು ನೋಟಿನ ಕಟ್ಟನ್ನು ಬಿಳಿಯ ಚೀಲದೊಳಗೆ ಇಳಿಸಿ, ಒಂದು ನೇರಳೆ ದೀಪ ಹೊತ್ತಿಸಿ ಆರಿಸಿ, ಅದೇ ದಪ್ಪದ ಇನ್ನೊಂದು ಕಟ್ಟನ್ನು ಲಕೋಟೆಗೆ ಹಾಕಿ, ಮೊಹರು ಒತ್ತಿ ಹಿಂದಿರುಗಿಸುತ್ತಿದ್ದ. ಬ್ಯಾಂಕಿಗೆ ಹೊಸದಾಗಿ ಸೇರಿದವರು ನೋಟು ಎಣಿಸಿ ಕೈ ಪಳಗಿಸಿಕೊಳ್ಳಲೆಂದು ಅಚ್ಚು ಹಾಕುವ ಕಾಗದ ಇರುತ್ತದಲ್ಲ, ಅಂಥದ್ದು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ. ಅವನ ಗಿರಾಕಿಗಳು ಹೋಗುವಾಗ ತಮ್ಮ ಹೊಟ್ಟೆಯ ಪರದೆಯ ಗುಂಡಿ ಒತ್ತಿ ಅವನಿಗೆ ಮೆಚ್ಚುಗೆಯ ಐದೈದು ಹೃದಯ ಕೊಟ್ಟು ಹೋಗುತ್ತಿದ್ದರು, ತಾವು "ಧನ್ಯವಾದ" ಎನ್ನುತ್ತಿದ್ದಿರಿ. ಮೂರು ಸಲ ನಾನು ತಮ್ಮ ಮುಂದೆ ನಿಂತು ಇದನ್ನೆಲ್ಲ ವಿವರಿಸಿದೆ. ಮೂರು ಸಲವೂ ತಾವು ನನ್ನ ಪಾಸ್‌ಪೋರ್ಟ್ ಸಂಖ್ಯೆ ಕೇಳಿದಿರಿ, ಇದೇ ಊರಿನವಳು ಎಂದಾಗ "ಕ್ಷಮಿಸಿ, ಈ ಸೇವೆ ಅತಿಥಿಗಳಿಗೆ ಮಾತ್ರ" ಎಂದಿರಿ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದರೆ ಅದು ಕಿವಿಯನ್ನಾದರೂ ಆಡಿಸುತ್ತಿತ್ತು.

ಈಗ ಮೂರನೆಯ ದಿನದ ಘಟನೆಗೆ ಬರುತ್ತೇನೆ. ಹೊಸ ವರ್ಷದ ಮೂರನೆಯ ದಿನ ಜಗಳದ ದಿನ, ಅಂದು ಯಾರೂ ಯಾರ ಮನೆಗೂ ಹೋಗುವುದಿಲ್ಲ, ಬುದ್ಧಿಯಿದ್ದವರು ಬಾಯಿಯನ್ನೂ ತೆರೆಯುವುದಿಲ್ಲ. ಆದರೆ ಅತಿಥಿಗಳಿಗೆ ಪಂಚಾಂಗವಿಲ್ಲವಲ್ಲ, ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಹುನಾನ್ ಕಡೆಯ ತಾನ್ ಎಂಬ ಯಜಮಾನರೊಬ್ಬರು, ಅರವತ್ತರ ಮೇಲಾಗಿರಬಹುದು, ಅದೃಷ್ಟಕ್ಕೆಂದು ಹೊಸ ಕೆಂಪು ಬನಿಯನ್ ಕಾಲರಿನಿಂದ ಇಣುಕುವ ಹಾಗೆ ತೊಟ್ಟು, ಎದೆಗೆ ಒಂದು ದಪ್ಪ ಲಕೋಟೆ ಒತ್ತಿಕೊಂಡು, ಓಣಿಯ ತುದಿಯಲ್ಲಿರುವ ಬಂಗಾರದ ಬಣ್ಣದ ಕ್ಯಾಸಿನೊ ಗೋಪುರದ ಕಡೆಗೆ ಹೊರಟವರು, ತಮ್ಮ ಉಪದೇಶ ಕೇಳಿ ನಿಂತರು. ಸಾಮ್ ಬಾಗಿದ. ಯಜಮಾನರು ತಲೆಯಾಡಿಸಿ, ಲಕೋಟೆಯನ್ನು ಅವನತ್ತ ನೀಡಿಯೇ ಬಿಟ್ಟರು. ನಾನು "ಕೊಡ್ಬೇಡೀ ಯಜಮಾನ್ರೇ!" ಎಂದು ಕೂಗಿದೆ. ತಾವು ತಕ್ಷಣ "ಕೂಗುವವರನ್ನು ನಿರ್ಲಕ್ಷಿಸಿ" ಎಂದು ಮೂರು ಭಾಷೆಗಳಲ್ಲಿ ಹೇಳಿದಿರಿ. ಅವರು ನಿರ್ಲಕ್ಷಿಸಿದರು. ಆಗ ನಾನು ತಟ್ಟೆ ಕೆಳಗಿಟ್ಟು ಓಡಿಹೋಗಿ, ಈ ಊರಿನಲ್ಲಿ ಹುಟ್ಟಿ ಬೆಳೆದ ಯಾವಳೂ ಮಾಡಬಾರದ ಕೆಲಸ ಮಾಡಿದೆ. ಜೂಜಿನ ಮೇಜಿಗೆ ಹೊರಟ ಗಂಡಸಿನ ಹೆಗಲ ಮೇಲೆ ಹಿಂದಿನಿಂದ ಕೈ ಇಟ್ಟೆ.

ತಮಗೆ ಹೆಗಲಿಲ್ಲ, ತಾವು ಜೂಜಾಡುವುದೂ ಇಲ್ಲ, ಆದ್ದರಿಂದ ಇದರ ಘೋರತೆ ತಮಗೆ ತಿಳಿಯದು. ಆಡಲು ಹೊರಟವನ ಹೆಗಲನ್ನು ಯಾರಾದರೂ ಮುಟ್ಟಿದರೆ ಅವನ ಅದೃಷ್ಟವೆಲ್ಲ ಆ ಕೈಗಂಟಿಕೊಂಡು ಹೋಗುತ್ತದೆ. ಇಲ್ಲಿ ಅಪ್ಪ ಮಗನನ್ನು ಮುಟ್ಟುವುದಿಲ್ಲ, ಕಿಕ್ಕಿರಿದ ಲಿಫ್ಟಿನಲ್ಲೂ ಜನ ಮೈ ಕುಗ್ಗಿಸಿ ನಿಲ್ಲುತ್ತಾರೆ. ತಾನ್ ಯಜಮಾನರು ಚೇಳು ಕಡಿದವರಂತೆ ಹಾರಿಬಿದ್ದರು. "ಯಾವಳೇ ನೀನು! ಹೆಗಲು ಮುಟ್ಟಿಬಿಟ್ಯಲ್ಲೇ ಪಾಪಿ! ಹನ್ನೊಂದು ತಿಂಗಳಿಂದ ಈ ದಿನಕ್ಕೆ ಕಾಯ್ತಿದ್ನಲ್ಲೇ! ಹೊಸ ಬನಿಯನ್ ಹಾಕ್ಕೊಂಡಿದೀನಿ, ಉಗುರು ಕೂಡ ಕತ್ತರಿಸಿಲ್ಲ, ಎಲ್ಲಾ ಹೊಳೇಲಿ ಹುಣಸೆಹಣ್ಣು ತೊಳ್ದಂಗಾಯ್ತು!" ಎಂದು ಬೊಬ್ಬೆಯಿಟ್ಟು, ಇನ್ನು ಆಟವಂತೂ ಇಲ್ಲ ಎಂದ ಮೇಲೆ ನೋಟು ಅಸಲಿಯಾದರೇನು ನಕಲಿಯಾದರೇನು ಎಂದುಕೊಂಡು, ಸಾಮ್‌ನ ಕೈಯಿಂದ ಲಕೋಟೆ ಕಿತ್ತುಕೊಂಡು, ತಮ್ಮ ಹೊಟ್ಟೆಯ ದೂರಿನ ಗುಂಡಿಯನ್ನು ಮುಷ್ಟಿಯಿಂದ ಗುದ್ದಿದರು. ಅವರಿಗೆ ಪಾಸ್‌ಪೋರ್ಟ್ ಇತ್ತು. ತಾವು ಒಂದೇ ಕ್ಷಣದಲ್ಲಿ ನ್ಯಾಯ ಕೊಟ್ಟಿರಿ, ಕ್ಯಾಮೆರಾ ಹಿಡಿದ ಚಿತ್ರವನ್ನು ಹೊಟ್ಟೆಗೇರಿಸಿದಿರಿ, ಕೆಂಪು ಅಕ್ಷರ ಬರೆದಿರಿ, ನನ್ನ ಮುಖ ಹೊತ್ತು ಓಣಿಯ ಈ ತುದಿಯಿಂದ ಆ ತುದಿಗೆ ಉತ್ಸವ ಹೊರಟಿರಿ. ತಮ್ಮ ದಕ್ಷತೆಗೆ ಜೈ.

ಸಾಮಾನ್ಯ ದಿನಗಳಲ್ಲಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಮಗ ಹೋ ಇನ್‌ಗೆ ಮೂವತ್ತಮೂರು ತುಂಬಿದೆ, ಚುಂಗ್ಸಾನ್ ಊರಿನ ಲ್ಯುಂಗ್ ಮನೆತನದ ಹುಡುಗಿಯನ್ನು ನಾಲ್ಕು ವರ್ಷದಿಂದ ಒಪ್ಪಿ ಕುಳಿತಿದ್ದಾನೆ, ಅವಳ ತಂದೆತಾಯಿ ಮೊದಲ ಸಲ ನಮ್ಮನ್ನು ನೋಡಲು ಏಳನೆಯ ದಿನ ಬರುವವರಿದ್ದರು. ಹುಡುಗಿಯ ತಾಯಿ ಶಾಲೆಯಲ್ಲಿ ಲೆಕ್ಕ ಕಲಿಸುವವರು, ಮೊಸರಿನಲ್ಲೂ ಕಲ್ಲು ಹುಡುಕುವವರು. "ಅಮ್ಮಾ, ಅವ್ರು ರಸ್ತೆ ಬದಿ ಬೋರ್ಡುಗಳನ್ನೂ ನಿಂತು ಓದ್ತಾರೆ, ಪೂರ್ತಿ ಓದ್ತಾರೆ. ಇದನ್ನ ಓದಿದ್ರೆ ಮುಗೀತು ನನ್ನ ಕಥೆ" ಎಂದು ನನ್ನ ಮಗ ಊಟ ಬಿಟ್ಟ. ನಾಲ್ಕನೆಯ ದಿನ ಬೆಳಿಗ್ಗೆಯೇ ತಮ್ಮ ಕಚೇರಿಗೆ ಹೋದೆ. ಕಿಟಕಿಯಲ್ಲಿ ಕುಳಿತಿದ್ದ ಫೊಂಗ್ ಎಂಬ ಹುಡುಗಿ ನನ್ನನ್ನು ನೋಡಿದೊಡನೆ "ಓ, ಹೆಗಲಮ್ಮ!" ಎಂದು ಬಾಯಿಬಿಟ್ಟು, ನಾಲಿಗೆ ಕಚ್ಚಿಕೊಂಡು, ಬಹಳ ಮರ್ಯಾದೆಯಿಂದ ಹೇಳಿದಳು: "ನಮ್ಮ ಕೈಲಿ ಏನೂ ಇಲ್ಲಮ್ಮಾ. ದೂರು ಕೊಟ್ಟ ಅತಿಥೀನೇ ಬಂದು ವಾಪಸ್ ತಗೊಂಡ್ರೆ ಒಂದೇ ನಿಮಿಷದಲ್ಲಿ ಹೋಗುತ್ತೆ. ಇಲ್ದಿದ್ರೆ ಹದಿನೈದನೇ ದಿನದವರೆಗೂ ಇರುತ್ತೆ." ಪಕ್ಕದ ಒಣಮಾಂಸದಂಗಡಿಯವನು "ಕೆಂಗಕ್ಕಾ, ರಾತ್ರಿ ಪ್ಲಗ್ ಕಿತ್ತಾಕು, ಹಸ್ಕೊಂಡು ಸಾಯ್ಲಿ" ಎಂದು ಸಲಹೆ ಕೊಟ್ಟ. ಹಬ್ಬದ ದಿನಗಳಲ್ಲಿ ಮನೆಗೆ ಬಂದವರನ್ನು ಉಪವಾಸ ಕೆಡವುವ ಪದ್ಧತಿ ನಮ್ಮಲ್ಲಿಲ್ಲ.

ಐದನೆಯ ದಿನ ತಾನ್ ಯಜಮಾನರನ್ನು ಹುಡುಕಲು ನಾನು ಹೋಟೆಲುಗಳ ಬಾಗಿಲು ತಟ್ಟುವ ಕಷ್ಟ ಬರಲಿಲ್ಲ, ಅವರ ಹೆಂಡತಿಯೇ ತಮ್ಮ ಹೊಟ್ಟೆಯ ಮೇಲಿನ ಚಿತ್ರ ನೋಡಿಕೊಂಡು ನನ್ನ ಅಂಗಡಿಗೆ ಬಂದರು. ಕುಳ್ಳಗೆ, ಗಟ್ಟಿಮುಟ್ಟಾದ ಹೆಂಗಸು, ಕೈಯಲ್ಲಿ ಒಂದು ಕಟ್ಟು ಹೊಗೆಯಾಡಿಸಿದ ಹಂದಿಮಾಂಸ. ಹೊಡೆಯಲು ಬಂದರೇನೋ ಎಂದು ನಾನು ಇಕ್ಕಳ ಗಟ್ಟಿಯಾಗಿ ಹಿಡಿದೆ. ಅವರು ಮಾಂಸದ ಕಟ್ಟನ್ನು ಮೇಜಿನ ಮೇಲಿಟ್ಟು, ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದೇ ಕೈ ಏನಕ್ಕಾ?" ಎಂದು ಕೇಳಿದರು. "ನಾಲ್ಕು ಹಂದಿ ಮಾರಿದ ದುಡ್ಡು ಕಣಕ್ಕಾ ಅದು. ಪ್ರತಿ ವರ್ಷಾನೂ ಬರ್ತಾನೆ, ಪ್ರತಿ ವರ್ಷಾನೂ ಬರಿಗೈಲಿ ಬಸ್ ಹತ್ತಿಸ್ತಾನೆ. ಒಂಬತ್ತು ವರ್ಷದಲ್ಲಿ ಮೊದಲ್ನೇ ಸಲ ಮೂರನೇ ದಿನ ದಾಟಿದ್ಮೇಲೂ ಲಕೋಟೆ ಹಾಗೇ ಇದೆ. ಹಾಸಿಗೆ ಮೇಲೆ ಮುಖ ಊದಿಸ್ಕೊಂಡು ಕೂತಿದಾನೆ, ನನಗೆ ಹಬ್ಬ ಇವತ್ತು!" ನಾನು ಸಮಯ ನೋಡಿ ನನ್ನ ಕೋರಿಕೆ ಮುಂದಿಟ್ಟೆ: ಬೀಗರು ಬರುತ್ತಾರೆ, ದೂರು ವಾಪಸು ತೆಗೆಸಿ, ನನ್ನ ಮಗನ ಬದುಕಿನ ಪ್ರಶ್ನೆ. ಅವರ ಮುಖ ಬಾಡಿತು. "ತೆಗೆಸ್ಬೋದಕ್ಕಾ. ಆದ್ರೆ ದೂರು ವಾಪಸ್ ತಗೊಂಡ್ರೆ ದೋಷಾನೂ ವಾಪಸ್ ಹೋಯ್ತು ಅಂತ ಆ ಕ್ಷಣಾನೇ ಮೇಜಿಗೆ ಓಡ್ತಾನೆ. ದಿನಾ ಬೆಳಿಗ್ಗೆ ಬಂದು ಯಂತ್ರದ ಹೊಟ್ಟೆ ನೋಡ್ಕೊಂಡು ಹೋಗ್ತಾನೆ, ನಿನ್ನ ಮುಖ ಇನ್ನೂ ಇದೆಯಾ ಅಂತ. ನಮ್ಮ ಬಸ್ಸು ಎಂಟನೇ ದಿನಕ್ಕೆ. ನೀನೇ ಹೇಳು, ನೀನು ಹೇಳಿದಂಗೆ ಮಾಡ್ತೀನಿ."

ಮಾನ್ಯರೇ, ಇಲ್ಲಿ ಒಂದು ಮನೆಯ ಮಾತು ಹೇಳಬೇಕಾಗಿದೆ. ನನ್ನ ಗಂಡ ಮಾನ್ ಫೈ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವನು. ಸರ್ಕಾರಿ ನೌಕರರು ವರ್ಷವಿಡೀ ಕ್ಯಾಸಿನೊದ ಬಾಗಿಲು ದಾಟುವಂತಿಲ್ಲ, ಹೊಸ ವರ್ಷದ ಮೊದಲ ಮೂರು ದಿನ ಮಾತ್ರ ವಿನಾಯಿತಿ. ಮುನ್ನೂರ ಅರವತ್ತೆರಡು ದಿನ ಅವನಷ್ಟು ಒಳ್ಳೆಯವನು ಈ ಊರಿನಲ್ಲಿರಲಿಲ್ಲ. ಉಳಿದ ಮೂರು ದಿನಗಳಲ್ಲಿ ವರ್ಷದ ಉಳಿತಾಯವೆಲ್ಲ ಅವನ ಜೇಬಿನಲ್ಲಿ ಕೂತು ಹೋಗುತ್ತಿತ್ತು, ಅವನೊಬ್ಬನೇ ನಡೆದುಕೊಂಡು ಬರುತ್ತಿದ್ದ. ಇಪ್ಪತ್ತಾರು ವರ್ಷ ನಾನು ಅವನ ಬೂಟು ಒರೆಸಿ ಕೊಟ್ಟು ಕಳಿಸಿದೆ. ನಮ್ಮ ಮೆಟ್ಟಿಲು ಬಹಳ ಇಕ್ಕಟ್ಟು. ಅವನು ಇಳಿಯುವಾಗ ತಪ್ಪಿಯೂ ಹೆಗಲು ತಾಗದಿರಲೆಂದು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದೆ, ಪತಿವ್ರತೆ ನೋಡಿ. ನಾಲ್ಕು ವರ್ಷದ ಹಿಂದೆ ತೀರಿಹೋಗುವ ಮುಂಚೆ ಆಸ್ಪತ್ರೆಯ ಮಂಚದ ಮೇಲೆ ಅವನೇ ಕೇಳಿದ, "ಒಂದ್ಸಲಾನೂ ತಡೀಲಿಲ್ವಲ್ಲೇ ನೀನು?" ನಾನು ಅವನ ಹೊದಿಕೆ ಎಳೆದು ಸರಿಮಾಡಿದೆ. ತಾನ್ ಅವರ ಹೆಂಡತಿ ನನ್ನ ಮುಖ ನೋಡುತ್ತ ಕುಳಿತಿದ್ದರು. "ಇರ್ಲಿ ಬಿಡಿ, ಎಂಟನೇ ದಿನದವರೆಗೂ ಇರ್ಲಿ" ಎಂದೆ. ಹೇಳಿದ ಮೇಲೆ ಒಳಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕುಳಿತು ಅತ್ತೆ, ಮಗನ ಮುಖ ನೆನೆದು.

ಆರನೆಯ ದಿನ ಬೆಳಿಗ್ಗೆ ಅಂಗಡಿ ತೆರೆದಾಗ ಹೊರಗೆ ಹನ್ನೆರಡು ಜನ ಹೆಂಗಸರು ನಿಂತಿದ್ದರು, ಪ್ರತಿಯೊಬ್ಬರ ಪಕ್ಕದಲ್ಲೂ ಕಸಾಯಿಖಾನೆಗೆ ಬಂದ ಕುರಿಯ ಮುಖ ಹೊತ್ತ ಒಬ್ಬೊಬ್ಬ ಗಂಡಸು. ತಾನ್ ಅವರ ಹೆಂಡತಿ ಇಡೀ ಬಸ್ಸಿಗೆ ಸುದ್ದಿ ಮುಟ್ಟಿಸಿದ್ದರು. ಗುರುತು ಹಿಡಿಯಲು ತಮ್ಮ ಹೊಟ್ಟೆಯಿತ್ತು. "ಇವ್ಳೇ, ಇವ್ಳೇ, ಯಂತ್ರದ ಮೇಲಿರೋಳು ಇವ್ಳೇ!" "ಅಕ್ಕಾ, ನಮ್ಮವರಿಗೂ ಒಂದು ಕೈ ಇಡಿ." "ಎಡಗೈಯೇ ಇಡ್ಬೇಕು ಕಣಮ್ಮಾ, ಚಿತ್ರದಲ್ಲಿ ಎಡಗೈ ಇದೆ." ಒಬ್ಬಾತ "ನಾನು ಸುಮ್ನೆ ದೀಪ ನೋಡೋಕ್ ಬಂದಿರೋದು ಕಣ್ರೀ, ಆಣೆಗೂ" ಎಂದು ಗೋಗರೆದ, ಅವನ ಹೆಂಡತಿ "ದೀಪ ನೋಡೋಕೆ ಹೆಗಲ್ಯಾಕೆ, ಕಣ್ಣಿದ್ರೆ ಸಾಲ್ದಾ, ತಿರುಗು" ಎಂದಳು. ಒಬ್ಬರಾದ ಮೇಲೆ ಒಬ್ಬರಂತೆ ಹನ್ನೆರಡೂ ಜನರ ಹೆಗಲು ಮುಟ್ಟಿದೆ. ಗಂಡಸಿನ ಹೆಗಲು ಇಷ್ಟು ಸುಲಭವಾಗಿ ಕೈಗೆ ಸಿಗುತ್ತದೆ ಎಂಬುದು ಇಪ್ಪತ್ತಾರು ವರ್ಷ ನನಗೆ ಗೊತ್ತೇ ಇರಲಿಲ್ಲ. ಮುಟ್ಟಿಸಿಕೊಂಡು ಮಾಡಲು ಕೆಲಸವಿಲ್ಲದ ಆ ಗಂಡಸರೆಲ್ಲ ಅಲ್ಲೇ ನಿಂತು ಬಿಸ್ಕತ್ತು ತಿಂದರು. ಒಲೆಗೆ ಎರಡು ಸಲ ಇದ್ದಿಲು ಹಾಕಬೇಕಾಯಿತು.

ಏಳನೆಯ ದಿನ ಹನ್ನೊಂದು ಗಂಟೆಗೆ ಬೀಗರು ಬಸ್ಸಿನಿಂದಿಳಿದರು. ತಾವು, ಅತಿಥಿ ಸತ್ಕಾರದಲ್ಲಿ ಎಂದೂ ಹಿಂದೆ ಬೀಳದವರು, ನನಗಿಂತ ಮೊದಲೇ ಅವರನ್ನು ಎದುರುಗೊಳ್ಳಲು ಉರುಳಿಕೊಂಡು ಹೋದಿರಿ. ನನ್ನ ಮಗ ಓಡಿ ಬಂದು ಎರಡೂ ಕೈ ಚಾಚಿ ತಮ್ಮ ಹೊಟ್ಟೆಗೆ ಅಡ್ಡ ನಿಂತ. ತಾವು "ದಯವಿಟ್ಟು ದಾರಿ ಬಿಡಿ" ಎಂದು ಎಡಕ್ಕೆ ಸರಿದಿರಿ, ಅವನೂ ಎಡಕ್ಕೆ ಸರಿದ. ತಾವು ಬಲಕ್ಕೆ, ಅವನೂ ಬಲಕ್ಕೆ. ನಡುಬೀದಿಯಲ್ಲಿ ಯಂತ್ರದೊಡನೆ ಕುಣಿಯುತ್ತಿರುವ ಅಳಿಯನನ್ನು ಬೀಗಿತ್ತಿ ಕನ್ನಡಕ ಸರಿಪಡಿಸಿಕೊಂಡು ಪೂರ್ತಿ ನೋಡಿದರು. ಆಮೇಲೆ ಅವನ ತೋಳಿನ ಕೆಳಗಿನಿಂದ ಬಗ್ಗಿ ತಮ್ಮ ಹೊಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅನಂತರ ತಲೆಯೆತ್ತಿ, ಹೊಸ ಜಾಕೀಟು ತೊಟ್ಟು ಕೂದಲು ಬಾಚಿ ನಿಂತಿದ್ದ ನನ್ನನ್ನು ನೋಡಿದರು.

"ಇದು ನೀವೇನಾ?" ಎಂದರು. ನಾನೇ ಎಂದೆ. "ಏನ್ ಮಾಡಿದ್ರಿ?" "ಒಬ್ರ ಹೆಗಲು ಮುಟ್ಟಿದೆ." "ಯಾಕೆ?" "ಹೆಂಡ್ತಿ ಹಂದಿ ಮಾರಿದ ದುಡ್ಡನ್ನ ಒಬ್ಬ ಕಳ್ಳನ ಕೈಗೆ ಕೊಡ್ತಿದ್ರು." "ಆಮೇಲೆ ಅವರು ಆಡೋಕೆ ಹೋದ್ರಾ?" "ಇಲ್ಲ." ಬೀಗಿತ್ತಿ ನಿಧಾನವಾಗಿ ತಮ್ಮ ಗಂಡನ ಕಡೆಗೆ ತಿರುಗಿದರು. ಬೀಗರು, ದುಂಡಗಿನ ಸಂಭಾವಿತ ಮನುಷ್ಯ, ಬಸ್ಸಿಳಿದಾಗಿನಿಂದ ನಮ್ಮೆಲ್ಲರ ತಲೆಯ ಮೇಲಿಂದ ಬಂಗಾರದ ಗೋಪುರವನ್ನೇ ನೋಡುತ್ತಿದ್ದರು, ಅವರ ಕಾಲರಿನಲ್ಲಿ ಹೊಚ್ಚ ಹೊಸ ಕೆಂಪು ಬನಿಯನ್ ಇಣುಕುತ್ತಿತ್ತು. "ಬನ್ರೀ ಇಲ್ಲಿ" ಎಂದರು ಬೀಗಿತ್ತಿ. "ಊಟ ಆದ್ಮೇಲೆ ಸುಮ್ನೆ ಒಂದು ಸುತ್ತು ನೋಡ್ಕೊಂಡ್ ಬರೋಣ ಅಂತಿದ್ದೆ ಕಣೇ, ಅಷ್ಟೇ" ಎಂದರು ಬೀಗರು. "ಮದುವೆ ಖರ್ಚಿಗೆ ಎತ್ತಿಟ್ಟಿದ್ದು ನಿಮ್ಮ ಕೋಟಿನ ಒಳಜೇಬಲ್ಲಿದೆ. ನನಗೆ ಲೆಕ್ಕ ಬರುತ್ತೆ. ಬೆನ್ನು ತಿರುಗ್ಸಿ" ಎಂದು ಅವರನ್ನು ನನ್ನ ಮುಂದೆ ನಿಲ್ಲಿಸಿ, "ಬೀಗಿತ್ತೀ, ಮೊದ್ಲು ಇವರನ್ನ ಮುಟ್ಟಿ. ಎರಡೂ ಹೆಗಲು. ಗಟ್ಟಿಯಾಗಿ. ಆಮೇಲೆ ಒಳಗೆ ಕೂತು ಮಾತಾಡೋಣ" ಎಂದರು. ಮುಟ್ಟಿದೆ. ಮದುವೆ ಎಂಟನೆಯ ತಿಂಗಳಿಗೆ ನಿಶ್ಚಯವಾಗಿದೆ.

ಇಷ್ಟೆಲ್ಲ ಆದ ಮೇಲೆ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ತಾನ್ ದಂಪತಿಗಳು ಎಂಟನೆಯ ದಿನ ಊರಿಗೆ ಹೊರಟರು, ಹೋಗುವಾಗ ಯಜಮಾನರು ತಾವಾಗಿಯೇ ಬಂದು ದೂರನ್ನು ವಾಪಸು ಪಡೆಯಲು ಗುಂಡಿ ಒತ್ತಹೋದರು, ಅವರ ಹೆಂಡತಿ ಅವರ ಕೈಯನ್ನು ಎಳೆದು ಬಿಡಿಸಿದರು. ಆದ್ದರಿಂದ ಹದಿನೈದನೆಯ ದಿನವಾದ ಮೇಲೂ ತಾವು ಆ ಚಿತ್ರವನ್ನು ತೆಗೆಯಬಾರದು. ಆದರೆ ಬಾಯಿ ಮುಚ್ಚಿಕೊಂಡಿರುವ, ಹೊಸ ಜಾಕೀಟಿನ ಚಿತ್ರವೊಂದನ್ನು ಹಾಕಬೇಕು. ಕೆಂಪು ಅಕ್ಷರದ ಜಾಗದಲ್ಲಿ 'ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳು' ಎಂದು ಬರೆಸಬೇಕು. ವರ್ಷದ ಮೊದಲ ಮೂರು ದಿನ ತಾವು ಓಣಿ ಬಿಟ್ಟು ಅಂಚೆ ಕಚೇರಿಯ ಬಾಗಿಲಲ್ಲಿ ನಿಲ್ಲಬೇಕು, ಯಾವನಾದರೂ ಬೂಟು ಹೊಳೆಯಿಸಿಕೊಂಡು ಹೊರಬಂದರೆ ಅವನ ಮನೆಯವಳಿಗೆ ನನ್ನ ವಿಳಾಸ ಕೊಡಬೇಕು, ಮೆಟ್ಟಿಲಲ್ಲಿ ಗೋಡೆಗೆ ಒತ್ತಿ ನಿಲ್ಲಬೇಡಮ್ಮ ಎಂದು ನಾನು ಹೇಳಿದೆನೆಂದು ತಿಳಿಸಬೇಕು. ಮತ್ತೆ, ವಿದ್ಯುತ್ತಿನ ವಿಷಯವಾಗಿ ತಾವು ಸಂಕೋಚಪಡಬೇಕಾಗಿಲ್ಲ, ಹೊಟ್ಟೆ ತುಂಬ ಕುಡಿಯಿರಿ.

ಇಂತಿ, ತಮ್ಮ ಹೊಟ್ಟೆಯ ಮೇಲಿನ ವಿಶ್ವಾಸಿ,

ಚ್ಯಾಂಗ್ ಸಾವ್ ಕೆಂಗ್

ತಾಜಾಕಲಮು: ನೋಟು ಪರೀಕ್ಷೆ ಬಿಟ್ಟು ಸಾಮ್ ವಾಯ್ ನಿನ್ನೆಯಿಂದ ಓಣಿಯ ಆ ತುದಿಯಲ್ಲಿ ಹೆಗಲು ಮುಟ್ಟಲು ಕುಳಿತಿದ್ದಾನೆ, ಒಂದು ಹೆಗಲಿಗೆ ಐವತ್ತು ಪತಾಕ, ರಸೀತಿಯುಂಟು, 'ನಕಲಿಯವರಿಂದ ಎಚ್ಚರ' ಎಂಬ ಫಲಕವೂ ಉಂಟು, ತಮ್ಮ ಹೊಟ್ಟೆಯ ಪರದೆಯಲ್ಲಿ ಅವನಿಗೆ ಆಗಲೇ ಐದು ಹೃದಯ ಬಿದ್ದಾಗಿದೆ. ಅವನು ಮುಟ್ಟಿ ಕಳಿಸಿದ ಮೂವರಲ್ಲಿ ಇಬ್ಬರು ನೇರ ಗೋಪುರಕ್ಕೆ ಹೋಗಿ ಗೆದ್ದು ಬಂದರಂತೆ, ಅವರ ಹೆಂಡತಿಯರು ನನ್ನ ಬಾಗಿಲಲ್ಲಿ ಕುಳಿತು ಎದೆ ಬಡಿದುಕೊಳ್ಳುತ್ತಿದ್ದಾರೆ, ಗೆದ್ದವನು ನಾಳೆ ಮತ್ತೆ ಹೋಗದೆ ಇರುತ್ತಾನೆಯೇ. ಅತಿಥಿಗಳು ಮೋಸ ಹೋಗದಂತೆ ದಯವಿಟ್ಟು ಮೂರು ಭಾಷೆಗಳಲ್ಲೂ ಸಾರಿ ಹೇಳಿ: ಈ ಓಣಿಯಲ್ಲಿ ಅಸಲಿ ದರಿದ್ರದ ಕೈ ಒಂದೇ, ಅದು ಹನ್ನೊಂದನೆಯ ನಂಬರಿನಲ್ಲಿದೆ.